ಡಾಕ್ಟರಮ್ಮನಿಗೆ ಒಂದು ಬಾಡಿಗೆ ಮನೆ

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಕೊಳ್ಳುವವನ ಕೈಯೂ ಮಾರುವವನ ಕೈಯೂ ಒಂದು ಟವಲ್ಲಿನ ಕೆಳಗೆ ಸೇರುತ್ತವೆ. ಯಾವ ಬೆರಳು ಹಿಡಿದರೆ ಎಷ್ಟು, ಯಾವ ಗೆಣ್ಣು ಒತ್ತಿದರೆ ಎಷ್ಟು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಈ ಟವಲ್ಲಿನಿಂದಲೇ ನಾನು ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಅಪ್ಪ ಬೇರೆಯವರ ದನ ಮೇಯಿಸುತ್ತಿದ್ದರು. ನಾನು ಆ ಕಡೆ ತೆರಕಣಾಂಬಿ, ಈ ಕಡೆ ಪುಳಿಯಂಪಟ್ಟಿ ಎಂದು ಸಂತೆ ಸುತ್ತಿ ದಲ್ಲಾಳಿಯಾದೆ.

ಈ ಕಸುಬಿನಲ್ಲಿ ಕಲಿತದ್ದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಮೊದಲು ಹೇಳಿದ ಬೆಲೆಗೆ ಒಪ್ಪಬಾರದು. 'ಇವತ್ತೇ ತೀರ್ಮಾನ ಮಾಡು' ಎನ್ನುವವನ ಹಸುವಿನ ಕೆಚ್ಚಲನ್ನು ಇನ್ನೊಂದು ಸಲ ಮುಟ್ಟಿ ನೋಡಬೇಕು. ಪುಕ್ಕಟೆ ಕೊಡುತ್ತೇನೆ ಎಂದವನ ಹಸು ಒದೆಯುತ್ತದೆ. ಇವುಗಳಲ್ಲಿ ಮೊದಲೆರಡು ನನ್ನ ಹೆಂಡತಿಯ ಕಾಲನ್ನು ಉಳಿಸಿದವು. ಕೊನೆಯದು ಸುಳ್ಳೆಂದು ತಾಳವಾಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ತಿಳಿಯಿತು.

ನನ್ನಾಕೆಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಸರ್ಕಾರದ ಕಡೆಯಿಂದ ಒಬ್ಬ ಹೆಣ್ಣುಮಗಳು ಪಣಕಹಳ್ಳಿಯ ನಮ್ಮ ಮನೆಬಾಗಿಲಿಗೇ ಬಂದು ಮಾತ್ರೆ ಕೊಟ್ಟು ಹೋಗುತ್ತಾಳೆ. ಇವಳು ಅದನ್ನು ನುಂಗುತ್ತಿದ್ದದ್ದು ನೆನಪಾದ ದಿನ. ಹೋದ ವರ್ಷ ಮಳೆಗಾಲದ ಕೊನೆಯಲ್ಲಿ, ಕೊಟ್ಟಿಗೆಯಲ್ಲಿ ಒಂದು ಕಡಸು ಅವಳ ಬಲಗಾಲಿನ ಹೆಬ್ಬೆರಳ ಮೇಲೆ ಗೊರಸು ಊರಿತು. ಸಕ್ಕರೆಯವರ ಪಾದ ಸುಳ್ಳು ಹೇಳುತ್ತದೆ, ಗಾಯವಾದರೂ ನೋವೆನ್ನುವುದಿಲ್ಲ. ಅವಳು ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು, ಮೇಲೊಂದು ಬಟ್ಟೆ ಸುತ್ತಿದಳು, ಸೀರೆಯ ಅಂಚನ್ನು ಸ್ವಲ್ಪ ಇಳಿಬಿಟ್ಟುಕೊಂಡು ಓಡಾಡಿದಳು. ನನಗೆ ಗೊತ್ತಾದದ್ದು ಮೂಗಿನಿಂದ. ದನದ ಗೊರಸು ಕೊಳೆತರೆ ಬರುವ ವಾಸನೆಯನ್ನು ನಾನು ಸಂತೆಯ ಈ ತುದಿಯಿಂದ ಆ ತುದಿಗೆ ಹಿಡಿಯಬಲ್ಲೆ. ಆ ವಾಸನೆ ನಮ್ಮ ಅಡುಗೆಮನೆಯಲ್ಲಿ ಬಂತು.

ಕಾರು ಮಾಡಿಕೊಂಡು ಘಾಟಿ ಇಳಿದೆವು. ಕೆಳಗೆ ಬಯಲಿನ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ತಾಳವಾಡಿಯಲ್ಲೇ ಸರ್ಕಾರಿ ಆಸ್ಪತ್ರೆ ಇದೆಯಲ್ಲ ಎಂದು ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಕೈಯಲ್ಲಿ ನಾಲ್ಕು ಕಾಸಿದ್ದವರು ಅಲ್ಲಿಗೆ ಹೋಗುವುದು ಹೇಗೆ ಎಂಬುದು ನಮ್ಮ ಕಡೆಯ ಮರ್ಯಾದೆಯ ಲೆಕ್ಕ. ಕೆಳಗಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು, ರಕ್ತ ನೋಡಿದರು. ಡಾಕ್ಟರು, ಬೆರಳುಗಳನ್ನು ತೆಗೆಯಬೇಕು, ಬಹುಶಃ ಪಾದವನ್ನೂ ತೆಗೆಯಬೇಕಾಗಬಹುದು ಎಂದರು. ಈಗಲೇ ಸೇರಿಸಿ, ಇವತ್ತೇ ತೀರ್ಮಾನ ಮಾಡಿ ಎಂದರು. ಅವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಅವರು ಕಂಡದ್ದನ್ನು ಹೇಳಿರಬಹುದು. ಆದರೆ 'ಇವತ್ತೇ' ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನೊಳಗಿನ ದಲ್ಲಾಳಿ ಎದ್ದು ಕೂತ. ಎಕ್ಸ್-ರೇ ಇದ್ದ ಕವರು ಇಸಿದುಕೊಂಡು, ಮನೆಯಲ್ಲಿ ಕೇಳಿ ಬೆಳಿಗ್ಗೆ ಬರುತ್ತೇವೆ ಎಂದು ಹೊರಟೆ.

ಘಾಟಿಯ ನೆತ್ತಿಯ ದಿಂಬಂ ಹತ್ತಿ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆವು. ಅವಳು ಇಳಿಯಲಿಲ್ಲ. ಟೀ ಲೋಟವನ್ನು ಕಿಟಕಿಯಲ್ಲೇ ಇಸಿದುಕೊಂಡಳು.

"ಕಾಲ್ ತಗುದ್ಮೇಲೆ ನಾನು ಕೊಟ್ಗೆಗೆ ಎಂಗೋಗ್ಲಿ?" ಎಂದಳು.

"ಕೊಟ್ಗೆ ಸೊಸೆ ನೋಡ್ಕತಾಳೆ ಕಣಮ್ಮಿ. ನೀನು ಕುಂತ್ಕಂಡು ಉಣ್ಣು."

"ಕುಂತ್ಕಂಡು ಉಣ್ಣಕ್ಕೆ ನಾನೇನ್ ದಲ್ಲಾಳಿನಾ?"

ಅಷ್ಟು ಹೇಳಿ ಟೀ ಊದಿ ಊದಿ ಕುಡಿದಳು. ಅವಳು ಅತ್ತಿದ್ದರೆ ನನಗೆ ಸಲೀಸಾಗುತ್ತಿತ್ತು. ಬೆಳಿಗ್ಗೆ ಎದ್ದು ಹೊಲಕ್ಕೆ, ಅಲ್ಲಿಂದ ಕೊಟ್ಟಿಗೆಗೆ, ಸಂಜೆ ನೆಂಟರ ಮನೆಗೆ ಎಂದು ಓಡಾಡಿಕೊಂಡೇ ಬದುಕಿದ ಹೆಂಗಸು. ಅವಳ ಪ್ರಾಣ ಆ ಪಾದದಲ್ಲಿ ಇತ್ತು. ಘಾಟಿಯ ಮೇಲೆ ಉಳಿದ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡಿದ್ದು ಒಂದೇ: ಇದು ಮೊದಲ ಬೆಲೆ. ಎರಡನೆಯ ಬೆಲೆ ಎಲ್ಲಿ ಕೇಳುವುದು?

ಹತ್ತಿರದಲ್ಲಿದ್ದದ್ದು ಸರ್ಕಾರಿ ಆಸ್ಪತ್ರೆಯೇ. ಮಾರನೆಯ ಬೆಳಿಗ್ಗೆ ಅಲ್ಲಿಗೆ ಹೋದೆವು.

ಚೀಟಿ ಬರೆಸಿ ಸಾಲಿನಲ್ಲಿ ಕೂತೆವು. ಬೆಟ್ಟದ ಹಾಡಿಯ ಜನ, ಕೂಲಿಯವರು, ಕೈಗೂಸು ಎತ್ತಿಕೊಂಡ ತಾಯಂದಿರು. ನನಗೆ ಗೊತ್ತಿರುವ ಒಂದು ಮುಖವೂ ಕಾಣದಿರಲಿ ಎಂದು ಟವಲ್ಲನ್ನು ತಲೆಗೆ ಸುತ್ತಿಕೊಂಡಿದ್ದೆ. ಒಳಗಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ತಾಳವಾಡಿ ಕನ್ನಡ ಮಾತಾಡುವ ಊರಾದರೂ ತಮಿಳುನಾಡಿಗೆ ಸೇರಿದ್ದು; ಅವರು ಸಮುದ್ರದ ಕಡೆಯವರು, ಕನ್ನಡ ಬಾರದು. ನಮಗೇನು, ಸಂತೆಯವರಿಗೆ ತಮಿಳು ಎರಡನೆಯ ನಾಲಿಗೆ. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ಕುರ್ಚಿ ಸರಿಸಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನನ್ನ ಹೆಂಡತಿಯ ಪಾದವನ್ನು ತಮ್ಮ ಮಂಡಿಯ ಮೇಲೆ ಇಟ್ಟುಕೊಂಡರು. ಪಾದದ ಮೇಲ್ಭಾಗಕ್ಕೆ ಎರಡು ಬೆರಳಿಟ್ಟು ಸುಮ್ಮನಾದರು. ಹಸು ಗಬ್ಬವೋ ಅಲ್ಲವೋ ಎಂದು ನೋಡುವಾಗ ನಾವೂ ಹಾಗೆಯೇ ಉಸಿರು ಹಿಡಿಯುತ್ತೇವೆ. ಆಮೇಲೆ ನಮ್ಮ ಕವರಿನ ಎಕ್ಸ್-ರೇಯನ್ನು ಕಿಟಕಿಗೆ ಹಿಡಿದು ನೋಡಿದರು.

"ರಕ್ತ ಓಡುತ್ತಿದೆ ಅಯ್ಯಾ. ಕೊಳೆತದ್ದು ಮೂಳೆಯವರೆಗೆ ಹೋದ ಹಾಗಿಲ್ಲ. ರಕ್ತ ಓಡದಿದ್ದರೆ ನಾನೇ ಕೆಳಗೆ ಕಳಿಸುತ್ತಿದ್ದೆ. ಇದನ್ನು ಉಳಿಸಲು ನೋಡೋಣ. ಉಳಿಯುತ್ತದೆ ಎಂದು ಈಗಲೇ ಮಾತು ಕೊಡಲಾರೆ."

'ಮಾತು ಕೊಡಲಾರೆ' ಎಂದದ್ದೇ ನನಗೆ ಹಿಡಿಸಿತು. ಹಾಲು ಇಷ್ಟೇ ಕೊಡುತ್ತದೆ ಎಂದು ಆಣೆ ಹಾಕುವವನನ್ನು ನಾನು ನಂಬುವುದಿಲ್ಲ. ಎಷ್ಟಾಗುತ್ತದೆ ಎಂದು ಕೇಳಿದೆ.

"ಏನೂ ಇಲ್ಲ."

ನನ್ನ ಹಿಂದೆ ಬಾಗಿಲ ತುಂಬ ಜನ. ಜನರೆದುರು ಯಾರು ಬೆಲೆ ಹೇಳುತ್ತಾರೆ? 'ಏನೂ ಇಲ್ಲ' ಎಂದರೆ ಬಾಯಲ್ಲಿ ಹೇಳುವಂಥದ್ದಲ್ಲ, ಕೈಯಲ್ಲಿ ಹೇಳುವಂಥದ್ದು ಎಂದು ನಮ್ಮವರಾರಿಗಾದರೂ ಅರ್ಥವಾಗುತ್ತದೆ. ನಾನು ತಲೆಯ ಟವಲ್ಲು ಬಿಚ್ಚಿ ಅವರ ಮೇಜಿನ ಮೇಲೆ ಹಾಸಿ, ಅದರ ಕೆಳಗೆ ಕೈ ಚಾಚಿ, ಮುಖವನ್ನು ಸಂತೆಯ ಮುಖ ಮಾಡಿಕೊಂಡು ಕೂತೆ.

ಡಾಕ್ಟರಮ್ಮ ಟವಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿ ಏನೋ ನಾಚಿಕೆಯ ಹುಣ್ಣಿರಬೇಕು, ಎಲ್ಲರೆದುರು ತೋರಿಸಲಾರ ಎಂದುಕೊಂಡರಂತೆ. ತಾವೂ ಟವಲ್ಲಿನ ಕೆಳಗೆ ಕೈ ತೂರಿಸಿ ನನ್ನ ಬೆರಳುಗಳನ್ನು ಒಂದೊಂದಾಗಿ ತಡವಿದರು. ಬೆಲೆ ಏರುತ್ತಲೇ ಹೋಯಿತು. ನನ್ನ ಎದೆ ಡಬಡಬ ಎಂದಿತು. ಕೊನೆಗೆ ಮಣಿಕಟ್ಟು ಹಿಡಿದು ನಾಡಿ ನೋಡಿ, ನರ್ಸಮ್ಮನನ್ನು ಕರೆದು ತೋಳಿಗೆ ಪಟ್ಟಿ ಕಟ್ಟಿಸಿದರು.

"ಅಯ್ಯಾ, ನಿಮಗೆ ಬಿ.ಪಿ. ಇದೆ ಎಂದು ಗೊತ್ತೇ?"

ಆಗ ನನ್ನ ಹೆಂಡತಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. "ಅಯ್ಯೋ ಡಾಕ್ಟ್ರವ್ವ, ಅವ್ರು ಕಾಯ್ಲೆ ತೋರುಸ್ತಾ ಇಲ್ಲ ಕಣವ್ವ, ರೇಟ್ ಕೇಳ್ತಾವ್ರೆ!"

ನರ್ಸಮ್ಮ ಘಾಟಿಯ ಕೆಳಗಿನ ಗೋಬಿ ಎಂಬ ಊರಿನವರು, ಪುಳಿಯಂಪಟ್ಟಿ ಸಂತೆ ಕಂಡವರು. ಅವರು ತಮಿಳಿನಲ್ಲಿ ಬಿಡಿಸಿ ಹೇಳಿದ ಮೇಲೆ ಡಾಕ್ಟರಮ್ಮ ಮೇಜು ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿದ್ದವರೂ ನಕ್ಕರು. ಮತ್ತೆ ಗಂಭೀರವಾಗಿ ಹೇಳಿದರು: "ಸರಿ, ನನ್ನ ರೇಟ್ ಕೇಳಿ. ದಿನಾ ಬಂದು ಕಟ್ಟು ಹಾಕಿಸಿಕೊಳ್ಳಬೇಕು, ಭಾನುವಾರವೂ. ಅಮ್ಮ ಆ ಕಾಲನ್ನು ನೆಲಕ್ಕೆ ಊರಬಾರದು. ಸಕ್ಕರೆಗೆ ಸೂಜಿ. ನಿಮ್ಮ ಬಿ.ಪಿ.ಗೆ ಮಾತ್ರೆ."

"ದಿನ ಬುಟ್ಟು ದಿನ ಬಂದ್ರೆ?" ಎಂದೆ, ರೂಢಿಯಂತೆ.

"ಇಲ್ಲ."

ಮೊದಲು ಹೇಳಿದ ಬೆಲೆಗೆ ನಾನು ಒಪ್ಪಿದ್ದು ಅದೊಂದೇ ಸಲ.

ಅಂದಿನಿಂದ ನನ್ನ ದಿನ ಆಸ್ಪತ್ರೆಯಿಂದ ಶುರುವಾಯಿತು. ನನ್ನ ಬೈಕು ಗಾಡಿಯ ಹಿಂದೆ ಅವಳನ್ನು ಕೂರಿಸಿಕೊಂಡು, ಕಟ್ಟು ನೆನೆಯದಂತೆ ಪಾದಕ್ಕೆ ಗೊಬ್ಬರದ ಚೀಲದ ತುಂಡು ಸುತ್ತಿ, ಪಣಕಹಳ್ಳಿಯಿಂದ ತಾಳವಾಡಿಗೆ. ಜೋಳದ ಹೊಲದ ಪಕ್ಕ ಆನೆ ನಿಂತಿದೆಯೆಂದು ಯಾರಾದರೂ ಎದುರು ಬಂದು ಹೇಳಿದರೆ ಅರ್ಧ ದಾರಿಯಲ್ಲಿ ಕಾಯುವುದು. ಡಾಕ್ಟರಮ್ಮ ಕೊಳೆತದ್ದನ್ನು ಕೆರೆದು ತೆಗೆದರು. ನರ್ಸಮ್ಮ ದಿನವೂ ತೊಳೆದು ಕಟ್ಟಿದರು. ಅವರು ಕಲಿತ ಕನ್ನಡವೆಲ್ಲ ರೋಗಿಗಳಿಂದ ಕಲಿತದ್ದು. "ಅಕ್ಕಾ, ಇವತ್ತು ಹೊಸ ಮಾಂಸ ಕೆಂಪಾಗ್ ಬಂದದೆ ಕಣಕ್ಕಾ, ನೋಡಿ, ದಾಳಿಂಬೆ!" ಎನ್ನುತ್ತಿದ್ದರು. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು, "ನೀನೇ ನೋಡ್ಕೋ ನಮ್ಮವ್ವ, ನಂಗ್ ದಾಳಿಂಬ್ರೆ ಬ್ಯಾಡ" ಎನ್ನುತ್ತಿದ್ದಳು. ಮನೆಯಲ್ಲಿ ಅವಳು ಮಂಚದ ಮೇಲೆ ಕೂತು, ಕೈಯಲ್ಲಿ ಕೋಲು ಹಿಡಿದು, ಸೊಸೆಗೂ ಹಸುಗಳಿಗೂ ನನಗೂ ಒಂದೇ ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದಳು. ಹಾಲು ಕಡಿಮೆಯಾಗಲಿಲ್ಲ.

ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದಾಗ ರಸ್ತೆಯಲ್ಲಿ ಯಜಮಾನರು ಕಂಡರು. ಇವರನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ದೊಡ್ಡಗಾಜನೂರಿನಲ್ಲಿ ಜಮೀನು, ತಾಳವಾಡಿಯಲ್ಲಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಮನೆ. ತಲೆತಲಾಂತರದಿಂದ ಶಿವಪೂಜೆಯ ಮನೆತನ. ಅವರ ಎತ್ತುಗಳನ್ನೆಲ್ಲ ಕೊಂಡುಕೊಟ್ಟವನು ನಾನೇ. ಮಂಡಿನೋವಿಗೂ ಮೈಸೂರಿಗೆ ಕಾರಿನಲ್ಲಿ ಹೋಗುವವರು.

"ಏನ್ಲಾ ದಲ್ಲಾಳಿ, ಧರ್ಮಾಸ್ಪತ್ರೆ ಸಾಲ್ನಲ್ಲಿ ನಿಂತಿದ್ದೀಯೆ! ಯಾಪಾರ ಕೆಟ್ಟೋಯ್ತಾ?"

"ಧರ್ಮ ಎಲ್ಲಿಂದ ಬಂತು ಯಜಮಾನ್ರೇ? ಪೆಟ್ರೋಲ್ ಆಕುಸ್ದಾಗ, ಸೋಪ್ ತಕ್ಕಂಡಾಗ, ಬೆಂಕಿಪೊಟ್ಣ ತಕ್ಕಂಡಾಗ ಸರ್ಕಾರಕ್ಕೆ ಕೊಟ್ಟಿಲ್ವ? ಅದು ಮುಂಗಡ ಕಣ್ರಿ. ಮುಂಗಡ ಕೊಟ್ಬುಟ್ಟು ಅಸ ಬುಟ್ಬುಟ್ಟು ಬರೋ ದಡ್ಡನ್ನ ನೀವೆಲ್ಲಾದ್ರೂ ಕಂಡಿದ್ದೀರಾ?"

"ಬಾಯಿ ಮಾತ್ರ ಸಂತೇಲೇ ಬುಟ್ಟು ಬರಲ್ಲ ನೀನು" ಎಂದು ಹೋದರು.

ಅವರಿಗೆ ಉತ್ತರ ಹೇಳಿದೆನೇ ಹೊರತು ಮನಸ್ಸಿನಲ್ಲಿ ಬೇರೊಂದು ಕೊರೆಯುತ್ತಿತ್ತು. ನನ್ನ ಕಣ್ಣೆದುರಿಗೇ ಒಂದು ಸಣ್ಣ ಸಂತೆ ಸತ್ತಿದೆ. ಯಾರೂ ಅದನ್ನು ಮುಚ್ಚಲಿಲ್ಲ. ಒಳ್ಳೆಯ ಎತ್ತು ಸಾಕಿದ ದೊಡ್ಡವರು ದೂರದ ಸಂತೆಗೆ ಲಾರಿಯಲ್ಲಿ ಹೋಗತೊಡಗಿದರು, ಅಷ್ಟೆ. ಅವರಿಲ್ಲವೆಂದು ಹಣವಂತ ಗಿರಾಕಿ ಬರಲಿಲ್ಲ. ದನದ ನೀರಿನ ತೊಟ್ಟಿ ಒಡೆಯಿತು. ಮೊದಲಾಗಿದ್ದರೆ ದೊಡ್ಡವರು ಕೂಗಾಡಿ ಮಾರನೆಯ ವಾರಕ್ಕೆ ಸರಿ ಮಾಡಿಸುತ್ತಿದ್ದರು. ಉಳಿದವರು ಬಡವರು, ಅವರು ಕೂಗಿದರೆ ಯಾರಿಗೆ ಕೇಳುತ್ತದೆ? ಕೊನೆಗೆ ಮುದಿ ಹಸು, ಕುಂಟು ಕರು, ಮತ್ತೆ ಬರೀ ಹುಣಸೆಮರ. ಸರ್ಕಾರಿ ಆಸ್ಪತ್ರೆಗೂ ಮುಂದೆ ಅದೇ ಗತಿಯಾಗಬಹುದು. ಯಾರೂ ಬೀಗ ಹಾಕಬೇಕಾಗಿಲ್ಲ. ಕೂಗಾಡಬಲ್ಲವರು ಸಾಲಿನಲ್ಲಿ ನಿಲ್ಲುವುದನ್ನು ಬಿಟ್ಟರೆ ಸಾಕು. ತಲೆಗೆ ಟವಲ್ಲು ಸುತ್ತಿಕೊಂಡು ಕೂರುವುದನ್ನು ನಾನು ಆ ದಿನ ಬಿಟ್ಟೆ.

ಗಾಯ ಅರ್ಧ ತುಂಬಿತ್ತು. ಒಂದು ದಿನ ನರ್ಸಮ್ಮ ಕಟ್ಟು ಕಟ್ಟುವಾಗ ದಾಳಿಂಬೆಯ ಮಾತೆತ್ತಲಿಲ್ಲ. ಏನೆಂದು ಕೇಳಿದ್ದಕ್ಕೆ, ಡಾಕ್ಟರಮ್ಮ ವರ್ಗಕ್ಕೆ ಬರೆದುಕೊಟ್ಟಿದ್ದಾರೆ ಎಂದರು.

ಡಾಕ್ಟರಮ್ಮ ದಿನವೂ ಸತ್ಯಮಂಗಲದಿಂದ ಬಸ್ಸಿನಲ್ಲಿ ಘಾಟಿ ಹತ್ತಿ ಬರುತ್ತಿದ್ದರು. ತಿರುವಿನಲ್ಲಿ ಲಾರಿಯೊಂದು ಸಿಕ್ಕಿಹಾಕಿಕೊಂಡರೆ ಬೆಳಗಿನ ಸಾಲು ಮಧ್ಯಾಹ್ನದವರೆಗೆ ಕಾಯಬೇಕು. ಸಂಜೆ ಅರಣ್ಯದವರು ಘಾಟಿಯ ಗೇಟು ಮುಚ್ಚುವುದರೊಳಗೆ ಇಳಿಯಬೇಕು. ಆಸ್ಪತ್ರೆಯ ಆವರಣದ ವಸತಿಮನೆಯ ಸೂರು ಸೋರುತ್ತದೆ, ರಿಪೇರಿಯ ಕಾಗದ ಎಲ್ಲೋ ಇದೆ.

"ಮತ್ತೆ ಊರಲ್ಲಿ ಮನೆ ನೋಡಬಾರದೇ?"

"ನೋಡದೆ ಇರ್ತಾರಾ ಅಣ್ಣಾ? ಹತ್ತಿರ ಇರೋ ಮನೆಗಳೆಲ್ಲ ಪೂಜೆ ಮನೆಗಳು. ಮೊದಲು ಕೇಳೋದೇ ಏನು ತಿಂತೀರಾ ಅಂತ. ಇವರು ಕಡಲ ಕಡೆಯವರು. ಮೀನು ಅಂದರು. ಮುಗೀತು."

ಅವರು ಬರುವ ಮೊದಲು ಆ ಕುರ್ಚಿ ಬಹಳ ಕಾಲ ಖಾಲಿ ಬಿದ್ದಿತ್ತು. ವಾರದಲ್ಲಿ ಯಾವಾಗಲೋ ಒಬ್ಬರು ಬೇರೆ ಊರಿನಿಂದ ಬಂದು ಹೋಗುತ್ತಿದ್ದರು. ಡಾಕ್ಟರಮ್ಮ ಹೋದ ಮೇಲೂ ಹಾಗೆಯೇ ಆಗುವುದು. ಮನೆಬಾಗಿಲಲ್ಲಿ ಗಾಡಿಯಿಂದ ಇಳಿಸಿಕೊಳ್ಳುವಾಗ ನನ್ನ ಹೆಂಡತಿ ಹೇಳಿದಳು:

"ಆ ಅವ್ವ ಒಂಟೋದ್ರೆ ನನ್ನ ಕಾಲೂ ಅವಳ ಇಂದ್ಗಡೇನೇ ಒಂಟೋಯ್ತದ ಕಣ. ನಮ್ಮಟ್ಟೀಲೇ ಇರವ್ವ ಅಂತ ಏಳು."

ನಮ್ಮ ಹಟ್ಟಿ, ಪಣಕಹಳ್ಳಿಯ ಮನೆ, ದೂರ. ಸಂಜೆಯಾದರೆ ಆ ದಾರಿ ಆನೆಗಳದ್ದು. ಡಾಕ್ಟರು ಇರಬೇಕಾದದ್ದು ಆಸ್ಪತ್ರೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಹಾಗೆ ಖಾಲಿ ಇದ್ದದ್ದು ಒಂದೇ ಮನೆ. ಯಜಮಾನರ ಹಿತ್ತಿಲಿನದು. ಮಗಳು ಅಳಿಯ ಬಂದರೆ ಇಳಿಯಲೆಂದು ಕಟ್ಟಿಸಿದ್ದು. ಅವರು ಬರುವುದು ಹಬ್ಬಕ್ಕೆ, ಉಳಿದಂತೆ ಆಲೂಗಡ್ಡೆ ಮೂಟೆ.

ಮಾರನೆಯ ದಿನ ಅವರ ಜಗಲಿಯ ಮೇಲೆ ಹೋಗಿ ಕೂತೆ. ಎತ್ತಿನ ಮಾತು, ಎಲೆಕೋಸಿನ ಮಾತು, ಆಮೇಲೆ ಮನೆಯ ಮಾತು.

"ಇಂದ್ಲ ಮನೆ ಖಾಲಿ ಅದಲ್ಲ ಯಜಮಾನ್ರೇ."

"ಖಾಲಿ ಅದ, ಖಾಲೀನೇ ಇರ್ಲಿ. ಲಿಂಗ ಕಟ್ಟೋ ಮನೇಲಿ ಮೀನ್ ಬೇಯ್ಸಕ್ಕಾಯ್ತದಾ? ನೀನು ಏನ್ ಬೇಕಾದ್ರೂ ತಿನ್ನೋನು, ನಿಂಗೇನ್ ಗೊತ್ತು?"

ಇಲ್ಲಿ ಒಂದು ಬುದ್ಧಿಮಾತು. ಒಬ್ಬನ ದೇವರ ಜೊತೆ ಎಂದೂ ಚೌಕಾಸಿ ಮಾಡಬಾರದು. ಸೋಲುತ್ತೀರಿ, ಸೋಲಬೇಕಾದದ್ದೇ. ದೇವರು ಯಾವ ದಿನ, ಯಾವ ಬಾಗಿಲಲ್ಲಿ ಇರುತ್ತಾನೆ ಎಂದು ಕೇಳಬೇಕು. ಉಳಿದ ದಿನಗಳು, ಉಳಿದ ಬಾಗಿಲುಗಳು ವ್ಯಾಪಾರಕ್ಕೆ ಸಿಗುತ್ತವೆ.

"ತಪ್ಪು ಯಜಮಾನ್ರೇ, ಬೇಯಿಸ್ಬಾರ್ದು" ಎಂದೆ. "ಆ ಮನೆ ಗೋಡೆ ನಿಮ್ಮ ಪೂಜೆ ಕೋಣೆಗೆ ತಾಗ್ತದಾ?"

"ಇಲ್ಲ. ಮಧ್ಯ ಬಾವಿ ಅದ."

"ಗಾಳಿ ಯಾವ್ಕಡೆ ಓಯ್ತದ?"

"ಆಸ್ಪತ್ರೆ ಕಡೀಕೆ." ಹೇಳಿದ ಮೇಲೆ ಅವರಿಗೇ ನನ್ನ ದಾರಿ ಗೊತ್ತಾಯಿತು. "ಓಗ್ಲಾ, ಎತ್ತಿನ್ ಅಲ್ಲು ಎಣಿಸ್ದಂಗೆ ನನ್ನ ಬಾಯ್ಗೆ ಕೈ ಆಕ್ಬ್ಯಾಡ!"

ಆಗ ಒಳಗಿನಿಂದ ಅವರ ಮನೆಯಾಕೆ ಬಾಗಿಲಿಗೆ ಬಂದರು. ಕೈಯಲ್ಲಿ ಹಿಟ್ಟು ಮೆತ್ತಿದ ಸೌಟು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮೊನ್ನೆ ನಂಗೆ ತಲೆ ತಿರುಗಿ ಬಚ್ಚಲಲ್ಲಿ ಬಿದ್ನಲ್ಲ, ಯಾರ್ ಓಡ್ ಬಂದ್ರು? ನಿಮ್ಮ ಮೈಸೂರು ಬಂತಾ? ಆ ಎಣ್ಣುಡುಗೀನೇ ಬಂದು ಎತ್ತಿ ಕೂರುಸ್ದವ್ಳು. ಏನ್ ತಿಂದು ಬಂದ್ಯವ್ವ ಅಂತ ಕೇಳುದ್ರಾ ಆಗ?"

ಯಜಮಾನರು ಎಲೆಯಡಿಕೆಯ ತಟ್ಟೆಯನ್ನು ಸುಮ್ಮನೆ ತಿರುಗಿಸಿದರು. ಇಂಥ ಹೊತ್ತಿನಲ್ಲಿ ದಲ್ಲಾಳಿ ಮಾತಾಡಬಾರದು, ಕೆಮ್ಮಲೂಬಾರದು. ಕೊನೆಗೆ ಅವರು ಹೆಗಲ ಟವಲ್ಲನ್ನು ತೆಗೆದು ಮಂಡಿಯ ಮೇಲೆ ಹಾಸಿ, "ಕೈ ಕೊಡ್ಲಾ" ಎಂದರು.

ಬಾಡಿಗೆ ಎಷ್ಟೆಂಬುದು ಆ ಟವಲ್ಲಿಗೆ ಗೊತ್ತು. ಬಾಯಲ್ಲಿ ಹೇಳಿದ ಕರಾರು ಬೇರೆ: ಸೋಮವಾರ ಒಲೆಯ ಮೇಲೆ ಮೀನು ಏರಬಾರದು. ಶಿವರಾತ್ರಿಯಂದೂ ಇಲ್ಲ. ಬೇಯಿಸುವುದು ಹಿಂದಿನ ಚಪ್ಪರದಲ್ಲಿ, ಮುಳ್ಳು ಬಾವಿಯ ಕಡೆ ಬೀಳಬಾರದು.

ನಾನು ಅದನ್ನು ಹೊತ್ತುಕೊಂಡು ಡಾಕ್ಟರಮ್ಮನ ಬಳಿ ಹೋದೆ. ಅವರು ಕೇಳಿ ಸ್ವಲ್ಪ ಹೊತ್ತು ಪೆನ್ನು ಕಚ್ಚಿದರು. ಮೊದಲು ಸಿಟ್ಟೇ ಬಂತು ಎಂದು ಕಾಣುತ್ತದೆ. ನಾನು ತಿನ್ನುವುದಕ್ಕೂ ನಾನು ನೋಡುವ ಕಾಯಿಲೆಗೂ ಏನು ಸಂಬಂಧ ಅಯ್ಯಾ ಎಂದರು. ಏನೂ ಇಲ್ಲ ತಾಯಿ, ಆದರೆ ನಿಮಗೆ ಮನೆ ಬೇಕು, ನಮಗೆ ನೀವು ಬೇಕು ಎಂದೆ. ಆ ಮಾತನ್ನು ನಾನು ಸಂತೆಯ ಮುಖದಲ್ಲಿ ಹೇಳಲಿಲ್ಲ. ಅವರು ನನ್ನ ಹೆಂಡತಿಯ ಪಾದದ ಕಡೆ ನೋಡಿದರು.

"ನನ್ನದೂ ಒಂದು ಕರಾರು" ಎಂದರು. "ಆ ಮನೆಯ ಯಜಮಾನರು ತಿಂಗಳಿಗೊಮ್ಮೆ ಬಿ.ಪಿ. ತೋರಿಸಬೇಕು. ಮನೆಗೆ ಕರೆಸಿಕೊಂಡಲ್ಲ. ಇಲ್ಲಿ ಬಂದು, ಚೀಟಿ ಬರೆಸಿ, ಸಾಲಿನಲ್ಲಿ ಕೂತು."

ಈ ಹುಡುಗಿ ಸಂತೆಯಲ್ಲಿ ಹುಟ್ಟಬೇಕಾಗಿತ್ತು ಎಂದುಕೊಂಡೆ.

ಆಲೂಗಡ್ಡೆ ಮೂಟೆಗಳು ಹೊರಗೆ ಬಂದವು. ಡಾಕ್ಟರಮ್ಮನ ತಾಯಿ ಎರಡು ಟ್ರಂಕು, ಒಂದು ಮೀನು ಹುರಿಯುವ ಬಾಣಲೆಯ ಸಮೇತ ಘಾಟಿ ಹತ್ತಿ ಬಂದರು. ವರ್ಗದ ಅರ್ಜಿಯನ್ನು ವಾಪಸು ತೆಗೆದುಕೊಂಡರೆಂದು ನರ್ಸಮ್ಮ ಹೇಳಿದಾಗ ನನ್ನ ಹೆಂಡತಿ ದೇವರಿರುವ ಮಲೆಯ ಕಡೆ ತಿರುಗಿ ಕೈ ಮುಗಿದಳು, ಆಮೇಲೆ ಮೆಲ್ಲಗೆ ಯಜಮಾನರ ಮನೆಯ ಕಡೆಗೂ ತಿರುಗಿ ಮುಗಿದಳು.

ಯಜಮಾನರು ಸಾಲಿಗೆ ಬಂದ ಬೆಳಿಗ್ಗೆ ನೋಡುವಂತಿತ್ತು. ಬಿಳಿ ಪಂಚೆ, ಶಾಲು, ಹಣೆಯಲ್ಲಿ ವಿಭೂತಿ. ರೂಢಿಯಂತೆ ನೇರ ಒಳಕ್ಕೆ ನಡೆದರು. ಹಾಡಿಯ ಮುದುಕಿಯೊಬ್ಬಳು ಕೂತಲ್ಲಿಂದಲೇ, "ಸಾಲು, ಸಾಮಿ, ಸಾಲು!" ಎಂದಳು. ಅವರು ನನ್ನನ್ನು ನುಂಗುವಂತೆ ನೋಡಿ ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಬಾಯಾರಿ ನೀರಿನ ಡ್ರಮ್ಮಿನ ನಲ್ಲಿ ತಿರುಗಿಸಿದರೆ ನೀರಿಲ್ಲ. ಮೇಲೆ ನೋಡಿದರೆ ಫ್ಯಾನು ತಿರುಗುವುದಿಲ್ಲ. ನಾವೆಲ್ಲ ಎಷ್ಟೋ ದಿನದಿಂದ ಆ ಡ್ರಮ್ಮನ್ನೂ ಆ ಫ್ಯಾನನ್ನೂ ನೋಡುತ್ತಲೇ ಇದ್ದೆವು. ಯಜಮಾನರು ಅಲ್ಲಿಂದಲೇ ಪಂಚಾಯಿತಿಗೆ ಫೋನು ಹಚ್ಚಿ ಕೂಗಾಡಿದ್ದು ಬಸ್ ಸ್ಟಾಂಡಿಗೆ ಕೇಳಿರಬೇಕು. ಮುಂದಿನ ಸಲ ನಾವು ಹೋಗುವಷ್ಟರಲ್ಲಿ ನೀರಿತ್ತು, ಫ್ಯಾನು ತಿರುಗುತ್ತಿತ್ತು. ಹಾಡಿಯ ಮುದುಕಿ ಆ ಗಾಳಿಗೆ ಕಾಲು ಚಾಚಿಕೊಂಡು ಕೂತಿದ್ದಳು.

ಸರ್ಕಾರಿ ಆಸ್ಪತ್ರೆಗಳ ಮುಂದಿನ ಕಾಲದ ಬಗ್ಗೆ ಟಿ.ವಿ.ಯಲ್ಲಿ ದೊಡ್ಡವರು ಮಾತಾಡುವುದನ್ನು ನಾನೂ ಕೇಳುತ್ತೇನೆ. ಖಾಸಗಿಯವರಿಗೆ ಕೊಡಬೇಕು ಎನ್ನುತ್ತಾರೆ, ವಿಮೆಯ ಕಾರ್ಡು ಕೊಟ್ಟರೆ ಸಾಕು ಎನ್ನುತ್ತಾರೆ, ಇನ್ನೂ ಕಟ್ಟಡ ಕಟ್ಟಬೇಕು ಎನ್ನುತ್ತಾರೆ. ಅದರ ಒಳಗುಟ್ಟು ನನಗೆ ತಿಳಿಯದು. ನನಗೆ ತಿಳಿದಷ್ಟು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ನಿಮ್ಮೂರಿಗೆ ಡಾಕ್ಟರು ಬಂದರೆ ಏನು ತಿನ್ನುತ್ತೀರಿ ಎಂದು ಕೇಳುವ ಮೊದಲು ಎಲ್ಲಿ ಇರುತ್ತೀರಿ ಎಂದು ಕೇಳಿ. ನಿಮಗೆ ಕಾರಿದ್ದರೂ ವರ್ಷದಲ್ಲಿ ನಾಲ್ಕು ಸಲವಾದರೂ ಆ ಸಾಲಿನಲ್ಲಿ ಕೂರಿ. ಸಂಜೆ ಕೈಕಾಲು ತೊಳೆಯುವಾಗ ಮನೆಯ ಸಕ್ಕರೆಯವರ ಪಾದವನ್ನು ನೀವೇ ತಿರುವಿ ನೋಡಿ, ಅವರು ಹೇಳುವುದಿಲ್ಲ.

ಡಾಕ್ಟರಮ್ಮ ಎಂದೋ ಒಂದು ದಿನ ಹೋಗುವವರೇ. ಹೆಚ್ಚಿಗೆ ಓದಬೇಕಂತೆ, ಓದಲಿ. ಆದರೆ ಆ ಹಿತ್ತಿಲಿನ ಮನೆಗೆ ಈಗ ಬೀದಿಯವರೆಲ್ಲ 'ಡಾಕ್ಟರ ಮನೆ' ಎನ್ನುತ್ತಾರೆ. ಮುಂದೆ ಬರುವವರು ಮಾಂಸ ತಿನ್ನುವವರೋ ಹಣ್ಣು ತಿನ್ನುವವರೋ, ಬರಲಿ. ಟವಲ್ಲು ನನ್ನ ಹೆಗಲ ಮೇಲೆ ಇದೆ.

ಅವರೆಕಾಯಿಯ ಕಾಲಕ್ಕೆ ಗಾಯ ಮುಚ್ಚಿತು. ಹೆಬ್ಬೆರಳಿನ ಉಗುರು ಹೋಗಿದೆ, ತುದಿ ಸ್ವಲ್ಪ ಸೊಟ್ಟ. ನರ್ಸಮ್ಮ ಕೊನೆಯ ಕಟ್ಟು ಬಿಚ್ಚಿ, ತಮ್ಮ ಕೈಯಾರೆ ಕೂಸಿನ ಕೆನ್ನೆ ಸವರುವಂತೆ ಆ ಹೊಸ ಚರ್ಮವನ್ನು ಸವರಿದರು. "ಅಕ್ಕಾ, ಇನ್ನು ದಿನಾ ಬರ್ಬೇಡಿ." ನನ್ನ ಹೆಂಡತಿಯ ಮುಖ ಸಣ್ಣದಾಯಿತು. "ಮತ್ತೆ ನಿನ್ಕೂಡೆ ಮಾತಾಡಕ್ಕೆ?" ಎಂದಳು. ಸಕ್ಕರೆಯವರಿಗೆಂದು ಆಸ್ಪತ್ರೆಯಲ್ಲಿ ಕೊಡುವ ಮೆತ್ತನೆಯ ಅಡಿಯ ಚಪ್ಪಲಿ ಕೊಟ್ಟರು. ಅವಳು ತಿರುಗಿಸಿ ನೋಡಿ, ಕರಿ ಪಟ್ಟಿ ಬೇಡ, ಗಂಡಸರ ಚಪ್ಪಲಿ ಥರ ಅದ ಎಂದು ತಗಾದೆ ತೆಗೆದಳು. ಜೀವನದಲ್ಲಿ ಚೌಕಾಸಿ ಮಾಡದವಳು ಪುಕ್ಕಟೆ ಚಪ್ಪಲಿಗೆ ಮಾಡಿದಳು, ಗೆದ್ದಳು ಕೂಡ. ಒಳಗಿನಿಂದ ಕಂದು ಬಣ್ಣದ್ದು ಬಂತು.

ಡಾಕ್ಟರಮ್ಮ ನನ್ನನ್ನು ಕೂರಿಸಿ, "ಅಯ್ಯಾ, ಟವಲ್" ಎಂದರು.

ಹಾಸಿದೆ. ಅವರು ಕೆಳಗೆ ಕೈ ತೂರಿಸಿದರು. ಯಾವ ಬೆರಳಿಗೆ ಎಷ್ಟು ಎಂಬುದು ಅವರಿಗೇನು ಗೊತ್ತು? ಇಡೀ ಕೈಯನ್ನೇ ಹಿಡಿದುಕೊಂಡರು. ಅಷ್ಟು ಬೆಲೆಗೆ ಸಂತೆಯಲ್ಲಿ ಯಾರೂ ತಲೆಯಾಡಿಸುವುದಿಲ್ಲ. ನಾನು ಆಡಿಸಿದೆ. ಅಷ್ಟರಲ್ಲಿ ಅವರ ಇನ್ನೊಂದು ಕೈ ಬಿ.ಪಿ.ಯ ಪಟ್ಟಿಯನ್ನು ಎಳೆದುಕೊಂಡಿತ್ತು.

ಹೊರಗೆ ಬಂದು ನೋಡಿದರೆ ಗಾಡಿಯ ಹತ್ತಿರ ನನ್ನ ಹೆಂಡತಿ ಇಲ್ಲ. ಬೆಂಚಿನ ಮೇಲೂ ಇಲ್ಲ. ಹಾಡಿಯ ಮುದುಕಿ ರಸ್ತೆಯ ಕಡೆ ಗದ್ದ ತೋರಿಸಿದಳು. ಬಸ್ ಸ್ಟಾಂಡಿನ ಜನರ ನಡುವೆ ಕಂದು ಚಪ್ಪಲಿ ಹಾಕಿಕೊಂಡು, ಸೀರೆಯ ಅಂಚನ್ನು ಪಾದ ಕಾಣುವಂತೆ ಎತ್ತಿ ಸಿಕ್ಕಿಸಿಕೊಂಡು, ಪಣಕಹಳ್ಳಿ ಬಸ್ಸಿನ ಮೆಟ್ಟಿಲ ಹತ್ತಿರ ನಿಂತಿದ್ದಳು.

"ಗಾಡಿ ಇಲ್ಲೇ ಅದ ಕಣಮ್ಮಿ!" ಎಂದು ಕೂಗಿದೆ.

"ನೀನು ಗಾಡೀಲಿ ಬಾ" ಎಂದು ಅಲ್ಲಿಂದಲೇ ಕೂಗಿದಳು. "ನಾನು ಸ್ಟಾಪ್‌ನಿಂದ ಅಟ್ಟಿಗಂಟ ನಡ್ಕಂಡೇ ಓಯ್ತಿನಿ. ಎಲ್ರೂ ನೋಡ್ಲಿ!"

ಮತ್ತೆ ಬಲಗಾಲನ್ನೇ ಮೊದಲು ಇಟ್ಟು ಬಸ್ಸು ಹತ್ತಿದಳು.